ಒಣಗಬಾರದ ಗಾಯ

ಪೀಣ್ಯದಲ್ಲಿ ಕಾರ್ಖಾನೆಗಳು ಏಳುವ ಮೊದಲು ಅಲ್ಲೇನಿತ್ತು ಎಂದು ಯಾರಾದರೂ ಕೇಳಿದರೆ ಚಿಕ್ಕಬೈರಪ್ಪ ಬಾಯಲ್ಲಿ ಹೇಳುತ್ತಿರಲಿಲ್ಲ, ಕೈ ಚಾಚಿ ತೋರಿಸುತ್ತಿದ್ದ. ಸೈಕಲ್ ಸ್ಟ್ಯಾಂಡಿನ ಜಾಗದಲ್ಲಿ ಅವರೆ ಸಾಲು, ಬಾಯ್ಲರ್ ಕೋಣೆಯ ಜಾಗದಲ್ಲಿ ರಾಗಿ, ಕ್ಯಾಂಟೀನಿನ ಹಿಂದೆ ಕಣ. ಗೇಟಿನ ಎಡಗಡೆ, ಲಾರಿ ತೂಗುವ ಕಟ್ಟೆಯ ಕಡೆಗೆ ಮಾತ್ರ ಅವನ ಕೈ ಹೋಗುತ್ತಿರಲಿಲ್ಲ. ಅಲ್ಲಿ ಹುತ್ತವಿತ್ತು.

ತನ್ನ ಹೊಲದ ಮೇಲೆ ಎದ್ದ ನಟ್ಟು ಬೋಲ್ಟಿನ ಕಾರ್ಖಾನೆಗೆ ತಾನೇ ವಾಚ್‌ಮನ್ ಆಗಿ ನಿಂತವನನ್ನು ಊರವರು ಆಡಿಕೊಳ್ಳದೆ ಬಿಟ್ಟಾರೆಯೇ? ಅವನೇನೂ ತಲೆ ಕೆಡಿಸಿಕೊಳ್ಳಲಿಲ್ಲ. "ಆಗ್ಲೂ ಕಾಯ್ತಿದ್ದೆ, ಈಗ್ಲೂ ಕಾಯ್ತೀನಿ. ಆಗ ದನ ಅಟ್ತಿದ್ದೆ, ಈಗ ಸಲೂಟ್ ಒಡೀತೀನಿ, ಅಷ್ಟೆಯ" ಎಂದು ನಕ್ಕುಬಿಡುತ್ತಿದ್ದ. ಖಾಕಿ ಅಂಗಿಗೆ ಇಸ್ತ್ರಿ, ಸೊಂಟಕ್ಕೆ ಬೆಲ್ಟು, ದಿನ ಬಿಟ್ಟು ದಿನ ಕ್ಷೌರ. ಗತ್ತಿಗೇನೂ ಕಡಿಮೆ ಇರಲಿಲ್ಲ. ಆ ಗತ್ತನ್ನೆಲ್ಲ ಕೆಡಿಸಲೆಂದೇ ಬಂದು ಕೂತಿತ್ತು, ಗದ್ದದ ಮೇಲಿನ ಆ ಗಾಯ.

ಗಾಯದ ಕತೆಯನ್ನು ಅವನ ಒಬ್ಬಳೇ ಮಗಳು ವಸಂತಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಶುರುವಾದ ದಿನ ಅವಳು ಅಲ್ಲೇ ಇದ್ದಳು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಲಂಗ ತೊಟ್ಟ ಹುಡುಗಿ, ಅಪ್ಪನಿಗೆ ಬುತ್ತಿ ತಂದಿದ್ದಳು. ಹೊಲ ಸರ್ಕಾರದ ಪಾಲಾಗಿ, ಮಟ್ಟ ಮಾಡುವ ಕೆಲಸ ನಡೆದಿತ್ತು. ಬುಲ್ಡೋಜರ್ ಎಲ್ಲವನ್ನೂ ನುಂಗುತ್ತಾ ಬಂದು ಹುತ್ತದ ಮುಂದೆ ನಿಂತುಬಿಟ್ಟಿತು. ಡ್ರೈವರ್ ಕೆಳಗಿಳಿದು, ಚಪ್ಪಲಿ ಬಿಟ್ಟು, ಕೈ ಮುಗಿದು, "ನನ್ನ ಕೈಲಾಗಲ್ಲ ಸಾರ್, ಮನೇಲಿ ಹೆಂಡ್ತಿ ಬಸುರಿ" ಎಂದ. ಕೂಲಿಯವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು.

ಆ ಕಡೆ ಒಂದು ರೂಢಿಯಿತ್ತು. ಹುತ್ತ ಕೆಡವಲೇಬೇಕಾಗಿ ಬಂದರೆ ಹೊಲದ ಒಡೆಯನೇ ಮೊದಲ ಏಟು ಹಾಕಬೇಕು. ಹಾಕುವಾಗ ದೋಷವನ್ನು ಬಾಯಿಬಿಟ್ಟು ತನ್ನ ಮೇಲೆ ಹಾಕಿಕೊಳ್ಳಬೇಕು. ಆಮೇಲೆ ಯಾರು ಮುಟ್ಟಿದರೂ ಅವರಿಗೆ ತಟ್ಟದು. ಕಂಟ್ರಾಕ್ಟರು ಇದನ್ನು ಯಾರ ಬಾಯಲ್ಲೋ ಕೇಳಿಕೊಂಡವನೇ ಚಿಕ್ಕಬೈರಪ್ಪನ ಹೆಗಲ ಮೇಲೆ ಕೈ ಹಾಕಿದ. "ನೀನು ಒಂದು ಏಟು ಹಾಕಿಬಿಡು ಗೌಡ, ಫ್ಯಾಕ್ಟ್ರಿ ಆದ್ಮೇಲೆ ಗೇಟಿನಲ್ಲಿ ನಿನಗೊಂದು ಕೆಲಸ ಖಾಯಂ." ಹೊಲ ಹೋದವನಿಗೆ ಇನ್ನೇನು ದಾರಿಯಿತ್ತು ಹೇಳಿ! ಚಿಕ್ಕಬೈರಪ್ಪ ಹಾರೆ ಎತ್ತಿಕೊಂಡ. "ಏನ್ ಬಂದ್ರೂ ನನ್ಗೇ ಬರ್ಲಿ, ನನ್ ಮಗಿಗೆ ಬ್ಯಾಡ, ಅದರ್ ಮಕ್ಳಿಗೂ ಬ್ಯಾಡ" ಎಂದು ಗಟ್ಟಿಯಾಗಿ ಕೂಗಿ ಹುತ್ತದ ನೆತ್ತಿಗೆ ಹಾಕಿದ.

ಒಳಗೆ ಕಲ್ಲಿತ್ತೋ ಏನೋ, ಹಾರೆ ಠಣ್ಣೆಂದು ಹಿಂದಕ್ಕೆ ಚಿಮ್ಮಿ ಸೀದಾ ಅವನ ಗದ್ದಕ್ಕೇ ಬಡಿಯಿತು. ಬಾಯಿ ತುಂಬ ರಕ್ತ. ವಸಂತ ಬುತ್ತಿ ಕೆಳಗೆ ಹಾಕಿ ಕಿರುಚಿಕೊಂಡಳು. ಅಪ್ಪ ಮಾತ್ರ ರಕ್ತ ಉಗಿದು, ಡ್ರೈವರನ ಕಡೆ ತಿರುಗಿ, "ಆಯ್ತು, ಇನ್ನು ನೀನ್ ನಡೆಸಪ್ಪ" ಎಂದ.

ಏಟು ಬಿದ್ದದ್ದು ಕೆಳಸಾಲಿನ ಕೋರೆಹಲ್ಲಿಗೆ. ಅದು ಬೀಳಲಿಲ್ಲ, ಕಪ್ಪಾಯಿತು, ಆಮೇಲೆ ರಾತ್ರಿ ಹಗಲು ನೋಯತೊಡಗಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹಲ್ಲಿನೊಳಗಿನ ನರ ಕಿತ್ತು, ಮದ್ದು ತುಂಬಿ, ಮೇಲೆ ಮುಚ್ಚಿ ಕಳಿಸಿದರು. ರೂಟ್ ಕೆನಾಲ್ ಎಂದರು. ನೋವು ಹೋಯಿತು. ಹಲ್ಲು ಸತ್ತೇ ಹೋಗಿತ್ತು, ಆದರೂ ಬಾಯಲ್ಲಿ ನಿಂತು ಕಬ್ಬು ಸಿಗಿಯುತ್ತಿತ್ತು, ಮಟನ್ ಮೂಳೆ ಕಡಿಯುತ್ತಿತ್ತು. ಎಲ್ಲರೂ ಅದನ್ನು ಮರೆತರು.

ವಸಂತಮ್ಮ ಬೆಳೆದು ರೇಡಿಯೋ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿದ್ದ ವೆಂಕಟೇಶಪ್ಪನ ಜೊತೆ ಮದುವೆಯಾಯಿತು. ಮೊದಲ ಬಸಿರು ಮೂರನೇ ತಿಂಗಳಿಗೇ ಇಳಿಯಿತು. ಎರಡನೆಯದು ತುಂಬಿದ ತಿಂಗಳಲ್ಲಿ, ಉಸಿರಿಲ್ಲದೆ ಹುಟ್ಟಿತು. ಗಂಡು ಮಗು, ತಲೆ ತುಂಬ ಕೂದಲು. ಆ ದುಃಖವನ್ನು ಏನೆಂದು ಹೇಳುವುದು? ಎದೆಯಲ್ಲಿ ಹಾಲು ಬಂದು ಕೂತಿತ್ತು, ಕುಡಿಯುವವನಿಲ್ಲ. ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಆ ವರ್ಷವೇ ಚಿಕ್ಕಬೈರಪ್ಪನ ಗದ್ದದ ಮೇಲೆ ಒಂದು ಗುಳ್ಳೆ ಎದ್ದಿತು. ಒಡೆಯಿತು, ಕೀವು ಬಂತು, ಹಕ್ಕಳೆ ಕಟ್ಟಿತು, ಮತ್ತೆ ಒಡೆಯಿತು. ಅರಿಶಿನ ಹಚ್ಚಿದರು, ಬೇವು ಅರೆದು ಹಾಕಿದರು, ಮುಲಾಮು ಮೆತ್ತಿದರು. ಊಹೂಂ. ನೋವೂ ಇಲ್ಲ, ವಾಸಿಯೂ ಇಲ್ಲ. ಶಾಸ್ತ್ರ ಹೇಳುವವನೊಬ್ಬ ಬಂದು ಗದ್ದ ನೋಡಿದ, ಮಗಳ ಬರಿದಾದ ಮಡಿಲು ನೋಡಿದ, ಹುತ್ತದ ಕತೆ ಕೇಳಿದ. ನಾಗದೋಷ ಎಂದುಬಿಟ್ಟ. ಅಂದಿನಿಂದ ವಸಂತಮ್ಮನ ತಾಯಿ ಲಕ್ಷ್ಮಮ್ಮ ಅರಳೀಕಟ್ಟೆಯ ನಾಗರಕಲ್ಲಿಗೆ ಹಾಲೆರೆಯದ ಮಂಗಳವಾರವಿಲ್ಲ.

ವಸಂತಮ್ಮನಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ನನ್ನ ಮಗೂನ ಹಾವು ತಿಂತಾ? ಸುಮ್ನಿರಮ್ಮ ನೀನು!" ಎಂದು ರೇಗುತ್ತಿದ್ದಳು. ಮೂರನೇ ಸಲ ಬಸಿರಾಗಿ, ಆರು ತಿಂಗಳು ತುಂಬಿ, ತವರಿಗೆ ಬಂದಾಗ ಅಪ್ಪನ ಗಾಯ ಮೊದಲಿಗಿಂತ ದೊಡ್ಡದಾಗಿತ್ತು. ಹತ್ತಿರ ಕೂತರೆ ಕೆಟ್ಟ ವಾಸನೆ. ಅವಳು ಬಿಡಲಿಲ್ಲ, ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ತುಟಿ ಕೆಳಗೆ ಒತ್ತಿ ನೋಡಿ, "ಇದು ಚರ್ಮದ್ದಲ್ಲಮ್ಮ, ಹಲ್ಲಿಂದ ಬರ್ತಿರೋದು" ಎಂದು ಮಲ್ಲೇಶ್ವರದ ಹಲ್ಲಿನ ಡಾಕ್ಟರ್ ಹನುಮಂತಯ್ಯನವರ ಹತ್ತಿರ ಕಳಿಸಿದರು.

ಹನುಮಂತಯ್ಯ ಎಕ್ಸರೇ ತೆಗೆದು ಬೆಳಕಿಗೆ ಹಿಡಿದರು. ಕೋರೆಹಲ್ಲಿನ ಬೇರಿನ ಕೆಳಗೆ, ದವಡೆಯ ಮೂಳೆಯಲ್ಲಿ, ಕಪ್ಪಗೆ ಗುಂಡಗೆ ಒಂದು ಗುಳಿ ಇತ್ತು.

"ನೋಡಮ್ಮ, ನರ ತೆಗೆದ ಹಲ್ಲು. ಬೇರು ಉದ್ದಕ್ಕೂ ಸೀಳಿದೆ. ಒಳಗೆ ಕೀವು ತುಂಬಿ ಮೂಳೆ ತಿಂದ್ಕೊಂಡು ಗದ್ದಕ್ಕೆ ದಾರಿ ಮಾಡ್ಕೊಂಡಿದೆ. ನರ ಇಲ್ಲ ನೋಡಿ, ಹಲ್ಲಿಗೆ ನೋವು ಗೊತ್ತಾಗಿಲ್ಲ."

"ಕೀಳಿಸಿದ್ರೆ ವಾಸಿ ಆಗತ್ತಾ ಡಾಕ್ಟ್ರೇ?"

"ಆಗತ್ತೆ. ಆದ್ರೆ ಸುಮ್ನೆ ಇಕ್ಕಳ ಹಾಕಿ ಎಳೆಯೋ ಹಲ್ಲಲ್ಲ ಇದು. ಒಣಗಿದ ಸೌದೆ ಇದ್ದ ಹಾಗೆ, ಪುಡಿಯಾಗತ್ತೆ. ಒಸಡು ಕುಯ್ದು, ಸ್ವಲ್ಪ ಮೂಳೆ ಕೊರೆದು, ಬೇರನ್ನ ತುಂಡು ಮಾಡಿ ತೆಗೀಬೇಕು. ಹೀಗೇ ಬಿಟ್ರೆ ದವಡೆ ತೆಳ್ಳಗಾಗಿ ಒಂದಿನ ರೊಟ್ಟಿ ಕಚ್ಚೋವಾಗ ಮುರಿಯತ್ತೆ. ಇಲ್ಲಾ ಕೀವು ಕತ್ತಿಗಿಳಿದು ಉಸಿರು ಕಟ್ಟತ್ತೆ." ಆಮೇಲೆ ಹೆದರಿಸಿದ್ದು ಜಾಸ್ತಿಯಾಯಿತೇನೋ ಎಂಬಂತೆ ಚಿಕ್ಕಬೈರಪ್ಪನ ಕಡೆ ನೋಡಿ ನಕ್ಕರು. "ಹಲ್ಲು ಹೋಗತ್ತೆ ಅಂತ ಯೋಚನೆ ಬೇಡ ಯಜಮಾನ್ರೇ. ಮೂಳೆ ತುಂಬ್ಕೊಂಡ ಮೇಲೆ ದವಡೆಗೇ ಒಂದು ಸಣ್ಣ ಸ್ಕ್ರೂ ಕೂರಿಸಿ ಅದರ ಮೇಲೆ ಹೊಸ ಹಲ್ಲು ಹಾಕ್ತೀನಿ. ನಮ್ಮ ಕಡೆ ಇನ್ನೂ ಹೊಸದು, ನಾನು ಹೊರದೇಶದಲ್ಲಿ ಕಲಿತು ಬಂದಿದೀನಿ."

"ಮೂಳೆಗೇ ಸ್ಕ್ರೂನಾ ಸಾಮಿ? ನಮ್ ಪ್ಯಾಕ್ಟ್ರೀಲೇ ಮಾಡ್ತಾರಲ್ಲ, ಬೇಕಾದಂಗೆ ತಂದ್ಕೊಡ್ತೀನಿ" ಎಂದ ಚಿಕ್ಕಬೈರಪ್ಪ. ಡಾಕ್ಟರು ಬಿದ್ದು ಬಿದ್ದು ನಕ್ಕರು. ವಸಂತಮ್ಮನೂ ನಕ್ಕಳು. ಎಷ್ಟು ದಿನದ ಮೇಲೆ ನಕ್ಕಿದ್ದಳೋ!

ಮೆಟ್ಟಿಲಿಳಿದು ಬಸ್ ಸ್ಟಾಪಿಗೆ ಬಂದಾಗ ಅಪ್ಪ, "ಕೀಳ್ಸದೆಲ್ಲ ಬ್ಯಾಡ ಮಗಾ" ಎಂದ.

"ಯಾಕೆ? ಭಯನಾ?"

"ನಿನ್ ಎರಿಗೆ ಆಗ್ಲಿ. ಆಮ್ಯಾಕೆ ನೋಡನ."

"ಅಲ್ಲೀವರ್ಗೂ ಯಾಕೆ ಕಾಯ್ಬೇಕು? ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ ನಿನಗೆ?"

ಅವನು ಅತ್ತಿತ್ತ ನೋಡಿದ. ಬಸ್ಸಿಗೆ ಕಾಯುವವರು ಕಿವಿಗೊಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳಿದ. "ಅಲ್ಲಾ ಕಣವ್ವ, ನಾನು ಅವತ್ತು ಆರೆ ಆಕ್ದಾಗ ಏನಂದೆ? ನನ್ಗೇ ಬರ್ಲಿ ಅಂದೆ. ಅದು ಬಂದದೆ. ನನ್ ಮೈಮ್ಯಾಲೆ ಅದಕ್ಕೊಂದು ಬಾಗ್ಲು ಮಾಡ್ಕೊಂಡು ಕುಂತದೆ. ಈಗ ನೀನು ಅದರ್ ಬಾಗ್ಲು ಮುಚ್ಚಿದ್ರೆ ಅದು ಎಲ್ಲಿಗ್ ಓಗ್ತದೆ, ಯೋಳು? ನಿನ್ ಒಟ್ಟೆ ತುಂಬಿದೆ. ಅಲ್ಲಿಗ್ ಓಗ್ತದೆ."

ವಸಂತಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಕೂಡಲೇ ಸಿಟ್ಟು ಬಂತು, ಭಯಪಟ್ಟದ್ದಕ್ಕೇ ಸಿಟ್ಟು. "ಮೊದಲಿನ ಎರಡು ಹೋದಾಗ ಈ ಗಾಯ ಇತ್ತಾ?" ಎಂದಳು.

"ಇರ್ಲಿಲ್ಲ. ಅದ್ಕೇ ಓದ್ವು" ಎಂದ ಅಪ್ಪ.

ಬೈದಳು, ಅತ್ತಳು, ಗಂಡನ ಕೈಲಿ ಹೇಳಿಸಿದಳು. ಕಲ್ಲಿಗೆ ಹೇಳಿದಂತಾಯಿತು. ಅಪ್ಪ ಬರಬರುತ್ತ ಮೆತ್ತಗಿನ ಮುದ್ದೆಯನ್ನೂ ಒಂದೇ ಕಡೆಯಿಂದ ನುಂಗುತ್ತಿದ್ದ, ಗದ್ದದ ಕೆಳಗೆ ಊತ ಇಳಿಯುತ್ತಿತ್ತು. ಡಾಕ್ಟರು ಹೇಳಿದ ಕತ್ತು, ಉಸಿರು ಎಲ್ಲ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಒಂದು ಬೆಳಗ್ಗೆ ಅವಳು ತಟ್ಟೆ ಪಕ್ಕಕ್ಕೆ ಸರಿಸಿ, "ನೀನು ಹಲ್ಲು ಕೀಳಿಸ್ಕೊಳ್ಳೋವರ್ಗೂ ನಾನು ಒಂದು ಅಗುಳು ಮುಟ್ಟಲ್ಲ" ಎಂದು ಕೂತಳು. ಲಕ್ಷ್ಮಮ್ಮ ಬಾಯಿ ಬಡಿದುಕೊಂಡಳು. ಬಸುರಿ ಹೆಂಗಸು ಉಪವಾಸ ಕೂರುವುದೆಂದರೇನು! ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಡ್ಯೂಟಿ ಮುಗಿಸಿ ಬಂದ ಚಿಕ್ಕಬೈರಪ್ಪ ಮಗಳ ಒಣಗಿದ ತುಟಿ ನೋಡಿದ. ಬೆಲ್ಟು ಬಿಚ್ಚುತ್ತಾ, "ಉಣ್ಣವ್ವ. ನಾಳೀಕೇ ಓಗನ" ಎಂದ.

ಡಾಕ್ಟರು ಹೇಳಿದ್ದೇ ಆಯಿತು. ಇಕ್ಕಳ ಹಾಕಿದ ಕೂಡಲೆ ಹಲ್ಲಿನ ಮೇಲಿನ ಭಾಗ ಕರಕ್ಕೆಂದು ಮುರಿದು ಟ್ರೇಗೆ ಬಿತ್ತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹೊಟ್ಟೆ ಹಿಡಿದು ಕೂತಿದ್ದ ವಸಂತಮ್ಮನಿಗೆ ಆ ಸದ್ದು ತನ್ನ ದವಡೆಯಲ್ಲೇ ಕೇಳಿಸಿತು. ಆಮೇಲೆ ಒಸಡು ಕುಯ್ದರು. ಮೂಳೆ ಕೊರೆಯುವ ಯಂತ್ರ ಸುಯ್ಯೆಂದಿತು, ಸುಟ್ಟ ಕೊಂಬಿನ ವಾಸನೆ ಬಂತು. ಬೇರು ಎರಡು ತುಂಡಾಗಿ, ಒಂದು ಸಲೀಸಾಗಿ ಎದ್ದಿತು, ಇನ್ನೊಂದು ಬಹಳ ಹೊತ್ತು ಸತಾಯಿಸಿತು. ಡಾಕ್ಟರ ಹಣೆಯಲ್ಲಿ ಬೆವರು. ಕೊನೆಗೆ ಅದೂ ಬಂದು, ಗುಳಿಯೊಳಗಿನ ಕೊಳೆತದ್ದನ್ನು ಕೆರೆದು ತೆಗೆದಾಗ ಎದ್ದ ನಾತಕ್ಕೆ ಅವಳು ಸೆರಗು ಮೂಗಿಗೊತ್ತಿಕೊಂಡಳು. ಅಪ್ಪ ಇಷ್ಟು ಹೊತ್ತೂ ಕಣ್ಣು ಮುಚ್ಚಿರಲಿಲ್ಲ. ತಲೆ ಓರೆ ಮಾಡಿ ಅವಳ ಹೊಟ್ಟೆಯನ್ನೇ ನೋಡುತ್ತಿದ್ದ.

ಹೊರಡುವಾಗ ಆ ಚೂರುಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡ. ಲಾರಿ ತೂಗುವ ಕಟ್ಟೆಯ ಅಂಚಿನಲ್ಲಿ ಮಣ್ಣು ಕೆದಕಿ ಹೂತನಂತೆ. ಕೆಲಸದವರು ಆಮೇಲೆ ಹೇಳಿದರು.

ಹೊಲಿಗೆ ಬಿಚ್ಚುವ ಹೊತ್ತಿಗೆ ಕೀವು ನಿಂತಿತು. ನೋಡನೋಡುತ್ತಲೇ ಗದ್ದದ ಗಾಯ ಮುಚ್ಚಿ, ಅಲ್ಲೊಂದು ಸಣ್ಣ ಗುಳಿ ಮಾತ್ರ ಉಳಿಯಿತು. ವಸಂತಮ್ಮ ಕನ್ನಡಿ ತಂದು ಅಪ್ಪನ ಮುಖಕ್ಕೆ ಹಿಡಿದಳು. "ನೋಡ್ಕೋ! ಎಲ್ಲಿ ನಿನ್ನ ನಾಗಪ್ಪ? ಹಲ್ಲು, ಬರೀ ಹಲ್ಲು!" ಅವನು ಗದ್ದ ಸವರಿಕೊಂಡ. ಮುಖದಲ್ಲಿ ರಕ್ತವೇ ಇರಲಿಲ್ಲ. ಅಂದಿನಿಂದ ಮಾತು ಕಡಿಮೆಯಾಯಿತು. ಮಗಳು ಕೆಮ್ಮಿದರೆ ಎದ್ದು ಕೂರುತ್ತಿದ್ದ, ಅವಳು ಬಚ್ಚಲಿಗೆ ಹೋದರೆ ಬರುವ ತನಕ ಬಾಗಿಲ ಹತ್ತಿರ ನಿಂತಿರುತ್ತಿದ್ದ.

ನೋವು ಶುರುವಾದ ದಿನ ವೆಂಕಟೇಶಪ್ಪ ಟ್ಯಾಕ್ಸಿ ತಂದ. ಆಸ್ಪತ್ರೆಗೆ ಎಲ್ಲರೂ ಬಂದರು, ಅಪ್ಪ ಬರಲಿಲ್ಲ. ಹೆಣ್ಣು ಮಗು, ಹುಟ್ಟಿದ್ದೇ ತಡ ವಾರ್ಡು ಹಾರಿಹೋಗುವಂತೆ ಅತ್ತಿತು. ವಸಂತಮ್ಮನಿಗೆ ಆ ಅಳು ಎಷ್ಟು ಕೇಳಿದರೂ ಸಾಲದು. ಸಂಜೆ ಅಪ್ಪ ಬಂದ. ಗದ್ದಕ್ಕೆ ಹತ್ತಿ, ಮೇಲೆ ಪ್ಲಾಸ್ಟರು. "ಸೇವಿಂಗ್ ಮಾಡ್ಕೊಳ್ಳೋವಾಗ ಕೈ ಜಾರ್ತು" ಎಂದ. ಮುಖ ಮಾತ್ರ ಬೆಳಗುತ್ತಿತ್ತು. ಮಗುವನ್ನು ಎತ್ತಿಕೊಂಡು ಅವನು ನಕ್ಕ ನಗು ನೋಡಿ ಅವಳು ಎಲ್ಲವನ್ನೂ ಕ್ಷಮಿಸಿಬಿಟ್ಟಳು.

ಮಗುವಿಗೆ ರಾಮಮ್ಮ ಎಂದು ವೆಂಕಟೇಶಪ್ಪನ ತಾಯಿಯ ಹೆಸರಿಟ್ಟರು. ವಸಂತಮ್ಮ ಮತ್ತೆ ಕೆಲಸಕ್ಕೆ ಹೋಗತೊಡಗಿದಳು, ಮಗುವನ್ನು ತವರಲ್ಲಿ ಬಿಟ್ಟು. ಅಪ್ಪನ ಗದ್ದ ಯಾಕೋ ಪೂರ್ತಿ ಒಣಗಲೇ ಇಲ್ಲ. ವಾಸಿಯಾಗುತ್ತದೆ, ಮತ್ತೆ ಕೆಂಪಗೆ ತೆರೆದುಕೊಳ್ಳುತ್ತದೆ. ಸ್ಕ್ರೂ ಹಲ್ಲು ಹಾಕಿಸುವ ಕಾಲ ಬಂತೆಂದು ಮತ್ತೆ ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದಳು. ಹನುಮಂತಯ್ಯ ಎಕ್ಸರೇ ನೋಡಿದರು, ಗದ್ದ ನೋಡಿದರು, ಮತ್ತೆ ಎಕ್ಸರೇ ನೋಡಿದರು.

"ಒಳಗೆ ಮೂಳೆ ಚೆನ್ನಾಗಿ ತುಂಬ್ಕೊಂಡಿದೆ. ಕೀವಿಲ್ಲ, ಏನಿಲ್ಲ. ಈ ಗಾಯ ಒಳಗಿಂದ ಬಂದಿದ್ದಲ್ಲಮ್ಮ. ಹೊರಗಿಂದ ಆಗಿರೋದು." ಅವರು ಅವಳನ್ನು ನೋಡಿದ ರೀತಿಯಲ್ಲೇ ಅವಳಿಗೆ ತಿಳಿಯಿತು. "ಮೊದ್ಲು ಇದು ಪೂರ್ತಿ ಒಣಗ್ಲಿ. ಆಮೇಲೆ ಸ್ಕ್ರೂ ಹಾಕೋಣ."

ಮನೆಗೆ ಬಂದವಳೇ ಅಪ್ಪನ ಕ್ಷೌರದ ಡಬ್ಬಿ ತೆಗೆದಳು. ಬ್ಲೇಡಿನ ತುದಿಯಲ್ಲಿ ಒಣಗಿದ ರಕ್ತವಿತ್ತು. ಮಗುವಿಗೆ ಶೀತವಾದಾಗ, ಭೇದಿಯಾದಾಗ, ಹಲ್ಲು ಬರುವಾಗ ಮೈ ಬೆಚ್ಚಗಾದಾಗ, ಅಪ್ಪನ ಗದ್ದದ ಮೇಲೆ ಹತ್ತಿ ಕಂಡದ್ದೆಲ್ಲ ಒಟ್ಟಿಗೆ ನೆನಪಾಯಿತು.

"ಏನಪ್ಪಾ ಇದು? ಹುಚ್ಚು ಹಿಡಿದಿದ್ಯಾ ನಿನಗೆ?"

"ಮುಚ್ಚೋದಂಗೆಲ್ಲ ತಗೀತೀನಿ. ಚೂರೇ ಚೂರು. ನೋವೇನಿಲ್ಲ ಬಿಡು" ಎಂದ ಅವನು, ಯಾವುದೋ ಮನೆಗೆಲಸದ ಮಾತಾಡುವಂತೆ. "ಎರಿಗೆ ದಿನ ನಾನು ತಗ್ದಿದ್ಕೇ ತಾನೆ ಕೂಸು ಅತ್ತಿದ್ದು?"

ವಸಂತಮ್ಮ ಕೂಗಾಡಿದ್ದು ನಾಲ್ಕು ಮನೆಗೆ ಕೇಳಿಸಿರಬೇಕು. ಅವನ ಕೈ ಹಿಡಿದೆಳೆದು ತೊಟ್ಟಿಲ ಹತ್ತಿರ ತಂದಳು. ಮಗುವಿನ ತಲೆ ಮುಟ್ಟಿಸಿ, ಇನ್ನು ಗದ್ದಕ್ಕೆ ಬ್ಲೇಡು ಹಚ್ಚುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಬ್ಲೇಡನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಕೆಳಗೆ ಇಟ್ಟಳು. ಯಾಕೆ ಬಿಸಾಡಲಿಲ್ಲವೋ ಅವಳಿಗೂ ಗೊತ್ತಿಲ್ಲ. ಚಿಕ್ಕಬೈರಪ್ಪ ಅಂದಿನಿಂದ ಪೀಣ್ಯದ ಕಟಿಂಗ್ ಶಾಪಿಗೆ ಹೋಗಿ ಗಡ್ಡ ತೆಗೆಸಿಕೊಳ್ಳತೊಡಗಿದ. ಗಾಯ ಒಣಗಿತು. ಈ ಸಲ ಪೂರ್ತಿ ಒಣಗಿತು.

ರಾಮಮ್ಮ ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಊರಲ್ಲಿ ದಡಾರ ಬಂತು. ಪಕ್ಕದ ಬೀದಿಯಲ್ಲಿ ಒಂದು ಕೂಸು ಹೋಯಿತು. ಎರಡೇ ದಿನಕ್ಕೆ ಇದಕ್ಕೂ ಜ್ವರ. ಮೈ ಹಂಚಿನಂತೆ ಸುಡುತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಮೊಲೆ ಹಿಡಿಯಲಿಲ್ಲ. ಡಾಕ್ಟರು ಬಂದು ನೋಡಿ, "ಗುಳ್ಳೆ ಪೂರ್ತಿ ಎದ್ದ ಮೇಲೆ ಜ್ವರ ತಾನಾಗೇ ಇಳಿಯತ್ತೆ, ನೀರು ಕುಡಿಸ್ತಾ ಇರಿ" ಎಂದು ಹೇಳಿ ಔಷಧಿ ಕೊಟ್ಟು ಹೋಗಿದ್ದರು. ವಸಂತಮ್ಮನಿಗೆ ಆ ಮಾತಿನ ಮೇಲೆ ನಂಬಿಕೆ ಇತ್ತು. ಮಧ್ಯಾಹ್ನದವರೆಗೂ ಇತ್ತು.

ಮೂರು ಗಂಟೆಯ ಬಿಸಿಲಲ್ಲಿ ಮಗು ಅಳುವುದನ್ನೂ ನಿಲ್ಲಿಸಿತು. ಕೈಕಾಲು ಒಮ್ಮೆ ಸೆಟೆದು ಸಡಿಲವಾಯಿತು. ಅವಳು ಎದ್ದು ಹೊರಗೆ ಬಂದಳು. ಅಪ್ಪ ಜಗಲಿಯ ಮೇಲೆ ಕೂತಿದ್ದ. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕೂತಿದ್ದ, ಕೈಗಳು ಎಲ್ಲಿ ತಪ್ಪಿಸಿಕೊಂಡು ಹೋಗುತ್ತವೋ ಎನ್ನುವವನಂತೆ. ಅವನ ಗದ್ದ ನುಣ್ಣಗಿತ್ತು. ಅದನ್ನು ಹಾಗೆ ನೋಡಬೇಕೆಂದು ಅವಳು ಎಷ್ಟು ಆಸೆಪಟ್ಟಿದ್ದಳು! ಈಗ ನೋಡಲಾಗದೆ ಮುಖ ತಿರುಗಿಸಿದಳು.

"ಆಣೆ ಮುರುದ್ರೆ ಕೂಸಿಗೇ ತಟ್ತದೆ" ಎಂದ ಅಪ್ಪ. "ನೀನೇ ಆಕ್ಸಿದ್ದು, ನೀನೇ ವಾಪಸ್ ತಗೋಬೇಕು. ನಿನ್ ಕಾಲಿಗ್ ಬೀಳ್ತೀನಿ ವಸಂತಾ. ವಾಪಸ್ ತಗೋ."

ಇದೆಲ್ಲ ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಎಕ್ಸರೇಯ ಕಪ್ಪು ಗುಳಿಯನ್ನು ಕಣ್ಣಾರೆ ಕಂಡವಳು ಅವಳು. ಟ್ರೇಯಲ್ಲಿ ಬಿದ್ದ ಚೂರುಗಳನ್ನು ಕಂಡವಳು. ಒಳಗೆ ಲಕ್ಷ್ಮಮ್ಮ ಮಗುವಿನ ಹೆಸರು ಹಿಡಿದು ಕರೆಯುತ್ತಿದ್ದಳು, ಮಗು ಓಗೊಡುತ್ತಿರಲಿಲ್ಲ.

ವಸಂತಮ್ಮ ಒಳಗೆ ಹೋದಳು. ಟ್ರಂಕಿನ ಮುಚ್ಚಳ ಎತ್ತಿ, ಧಾರೆ ಸೀರೆ ಪಕ್ಕಕ್ಕೆ ಸರಿಸಿ, ಬಟ್ಟೆಯ ಗಂಟು ತೆಗೆದುಕೊಂಡು ಬಂದು ಅಪ್ಪನ ತೊಡೆಯ ಮೇಲೆ ಇಟ್ಟಳು.

"ವಾಪಸ್ ತಗೊಂಡೆ" ಎಂದಳು. "ಬೇಗ, ಅಪ್ಪ."

ಅವನು ಎದ್ದು ಬಚ್ಚಲಿನ ಕಡೆ ಹೋದ. ಅವಳು ಮಗುವಿನ ಪಕ್ಕ ಕೂತು ಒದ್ದೆ ಬಟ್ಟೆ ಹಿಂಡಿ ಹಾಕುತ್ತಾ, ಬಚ್ಚಲಲ್ಲಿ ರಕ್ತ ತೊಳೆಯುವ ತಂಬಿಗೆಯ ಸದ್ದಾಗುವುದನ್ನೇ ಕಾಯುತ್ತಿದ್ದಳು. ಸಂಜೆಗೆ ಗುಳ್ಳೆಗಳು ಕಾಲಿನ ತನಕ ಇಳಿದವು. ಮಾರನೆಯ ಬೆಳಗ್ಗೆ, ಡಾಕ್ಟರು ಹೇಳಿದಂತೆಯೇ, ಜ್ವರ ಇಳಿದು ಮಗು ಮೊಲೆಗೆ ಬಾಯಿ ಹಾಕಿತು.

ಮುಂದಿನ ಮಳೆಗಾಲದಲ್ಲಿ ವಸಂತಮ್ಮ ತನ್ನ ಹುಳುಕು ಹಲ್ಲಿಗೆಂದು ಮಲ್ಲೇಶ್ವರಕ್ಕೆ ಹೋದಾಗ ಹನುಮಂತಯ್ಯ, "ತಂದೆಯವರನ್ನ ಕರ್ಕೊಂಡು ಬರ್ಲೇ ಇಲ್ಲವಲ್ಲಮ್ಮ? ಸ್ಕ್ರೂ ಹಾಗೇ ಇಟ್ಕೊಂಡಿದೀನಿ. ಗದ್ದದ ಗಾಯ ಒಣಗ್ತಾ?" ಎಂದು ಕೇಳಿದರು.

ಅವಳು ತೊಡೆಯ ಮೇಲಿದ್ದ ಮಗುವನ್ನು ಎದೆಗೆ ಒತ್ತಿಕೊಂಡಳು.

"ಇಲ್ಲ ಡಾಕ್ಟ್ರೇ, ಇನ್ನೂ ಒಣಗಿಲ್ಲ" ಎಂದಳು.